ಕೆರೆ ಶಾಸನಗಳ ಮಹಾಪ್ರಬಂಧ, ಅತಿಥಿ ಉಪನ್ಯಾಸಕಿಯ ದಿನಚರಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನನ್ನ ಗೆಳತಿಯದು. ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಅವಳ ಮನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಗಂಡ, ಶಾಲೆಗೆ ಹೋಗುವ ಮಗ, ವಯಸ್ಸಾದ ಅತ್ತೆ ಇರುವ ಸಂಸಾರ. ಪಿಎಚ್‌.ಡಿ.ಗೆ ಅವಳು ಆರಿಸಿಕೊಂಡ ವಿಷಯ ಸೊರಬ ಮತ್ತು ಶಿಕಾರಿಪುರ ತಾಲೂಕುಗಳ ಕೆರೆ ಶಾಸನಗಳು, 10ನೇ ಶತಮಾನದಿಂದ 13ನೇ ಶತಮಾನದವರೆಗೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ವಿಶ್ವವಿದ್ಯಾಲಯ ಯಾವುದೂ ಬೇಡ ಅಂದಳು. ಬಿಟ್ಟಿದ್ದೇನೆ.

ಸಂಶೋಧನೆ ಮಾಡುವವರ ಕಥೆಯನ್ನು ನಾವು ಎರಡೇ ಥರ ಹೇಳುತ್ತೇವೆ. ಒಂದು, ಹಠ ಹಿಡಿದು ಮುಗಿಸಿದಳು. ಇನ್ನೊಂದು, ಪಾಪ, ಸಂಸಾರದ ತಾಪತ್ರಯದಲ್ಲಿ ಬಿಟ್ಟುಬಿಟ್ಟಳು. ನಡುವೆ ಒಂದೊಂದು ದಿನ ಹೇಗೆ ಕಳೆಯುತ್ತದೆ, ಯಾವ ಗಂಟೆಯಲ್ಲಿ ಯಾವ ಕೆಲಸ ಆಗುತ್ತದೆ, ಬರವಣಿಗೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮಹಾಪ್ರಬಂಧ ಮುಗಿಯುವುದು, ನಿಲ್ಲುವುದು ಎರಡೂ ಅಲ್ಲೇ. ಅದಕ್ಕೇ ಈ ಬರಹ.

ಆರು ವರ್ಷ ಎಲ್ಲಿ ಹೋಯಿತು

ಅವಳು ನೋಂದಣಿ ಮಾಡಿಸಿದ್ದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರ ನಿಯಮಗಳ ಕಾಲದಲ್ಲಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೆರಡು ವರ್ಷ ರಿಯಾಯಿತಿ ಉಂಟು. ನಾವಿಬ್ಬರೂ ಈ ವಿಷಯ ಕೂತು ಮಾತಾಡಿದಾಗ ಅವಳು ಆ ರಿಯಾಯಿತಿಯ ಅವಧಿಗೆ ಕಾಲಿಟ್ಟಿದ್ದಳು. ಕೋರ್ಸ್ ವರ್ಕ್ ಯಾವಾಗಲೋ ಮುಗಿದಿತ್ತು. ಟಿಪ್ಪಣಿಗಳ ನೋಟ್‌ಬುಕ್ಕುಗಳು ಒಂದು ಟ್ರಂಕಿನ ತುಂಬ ಇದ್ದವು. ಬರೆದ ಅಧ್ಯಾಯ ಮಾತ್ರ ಒಂದೂ ಇರಲಿಲ್ಲ.

ಓದಿರಲಿಲ್ಲ ಅಂತಲ್ಲ. ತುಂಬಾ ಓದಿದ್ದಳು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳು ಅವಳ ಮೂಲ ಆಕರ. 1902 ಮತ್ತು 1904ರಲ್ಲಿ ಬಂದವು. ಶಿಕಾರಿಪುರ 7ರಲ್ಲಿ, ಸೊರಬ 8ರಲ್ಲಿ. ಎರಡರಲ್ಲೂ ಕೆರೆಯ ಹೆಸರು ಬರುವ ಪ್ರತಿ ಶಾಸನಕ್ಕೂ ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನವನ್ನು ಬಾಯಿಪಾಠ ಅನ್ನುವಷ್ಟು ಓದಿದ್ದಳು. ಅದು ಸಂಸ್ಕೃತದಲ್ಲಿದೆ. ಕದಂಬರ ಕಾಕುಸ್ಥವರ್ಮ ಶಿವಾಲಯದ ಹತ್ತಿರ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಬರೆದವನು ಕವಿ ಕುಬ್ಜ. ತನ್ನ ಪ್ರದೇಶದ ಕೆರೆಯ ಇತಿಹಾಸ ಅಲ್ಲಿಂದಲೇ ಶುರುವಾಗಬೇಕು ಅಂತ ಅವಳ ಆಸೆ. ಹಾಗಾಗಿ ಪೀಠಿಕೆಯನ್ನು ಕದಂಬರಿಂದ ಶುರು ಮಾಡಿದಳು. ಕದಂಬರ ಬಗ್ಗೆ ಬರೆಯಬೇಕಾದರೆ ಇನ್ನೂ ನಾಲ್ಕು ಪುಸ್ತಕ ಓದಬೇಕು. ಆ ನಾಲ್ಕು ಓದಿದರೆ ಮತ್ತೆ ಹತ್ತು. ಪೀಠಿಕೆ ಮೂರು ಪುಟ ಆಗಿ ನಿಂತಿತ್ತು, ವರ್ಷಗಟ್ಟಲೆ.

ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕು ಅಲ್ವಾ, ಅದರ ಪ್ರತಿಗಳನ್ನೆಲ್ಲ ನನಗೆ ತೋರಿಸಿದಳು. ಎಲ್ಲದರಲ್ಲೂ ಒಂದೇ ಸಾಲು: "ಆಕರ ಸಂಗ್ರಹ ಮತ್ತು ಸಾಹಿತ್ಯ ಸಮೀಕ್ಷೆ ಪ್ರಗತಿಯಲ್ಲಿದೆ." ಸುಳ್ಳೇನಲ್ಲ. ನಿಜವಾಗಿಯೂ ಪ್ರಗತಿಯಲ್ಲಿತ್ತು. ಅದಕ್ಕೆ ಕೊನೆ ಅನ್ನುವುದು ಮಾತ್ರ ಇರಲಿಲ್ಲ.

ಜೀವನದ ಲೆಕ್ಕವೂ ಇದರ ಜೊತೆಗೇ ಇತ್ತು. ಅತಿಥಿ ಉಪನ್ಯಾಸಕರಿಗೆ ನೆಟ್, ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಅಥವಾ ಪಿಎಚ್‌.ಡಿ. ಇದ್ದರೆ ಒಂದು ಗೌರವಧನ, ಇಲ್ಲದಿದ್ದರೆ ಅದಕ್ಕಿಂತ ಕಡಿಮೆ ಇತ್ತು. 2022ರ ಆರಂಭದಲ್ಲಿ ಸರ್ಕಾರ ಗೌರವಧನ ಏರಿಸಿ, ವಾರದ ಪಾಠವನ್ನು 15 ಗಂಟೆಗೆ ಹೆಚ್ಚಿಸಿದಾಗಲೂ ಈ ವ್ಯತ್ಯಾಸ ಉಳಿಯಿತು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ಅಲ್ಲೂ ಅರ್ಹತೆಯ ಅಂಕ. ಅವಳಿಗೆ ಫೆಲೋಶಿಪ್ ಇರಲಿಲ್ಲ. ಜೆಆರ್‌ಎಫ್ ಅನ್ನುವ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕ ಪೂರ್ಣಾವಧಿ ಸಂಶೋಧಕರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅವರಿಗೂ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ದಿನ ಪೂರ್ತಿ ಸಂಶೋಧನೆಗೇ ಮೀಸಲು. ಇವಳು ಪಾಠ ಮಾಡಿ ಉಳಿದ ಹೊತ್ತಿನಲ್ಲಿ, ಅಡುಗೆ ಮಾಡಿ ಉಳಿದ ಹೊತ್ತಿನಲ್ಲಿ ಸಂಶೋಧಕಿ. ಮಹಾಪ್ರಬಂಧ ಮುಗಿಯದಿದ್ದರೆ ಕೆಲಸವೂ ಅಲುಗಾಡುತ್ತದೆ, ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. "ಹಠ ಇದ್ದರೆ ಎಲ್ಲ ಆಗುತ್ತೆ" ಅನ್ನುವವರು ಈ ಲೆಕ್ಕವನ್ನು ಒಂದು ಸಲ ಕೂತು ನೋಡಬೇಕು.

ಒಂದು ವಾರದ ಲೆಕ್ಕ

ಮೊದಲು ನಾವು ಮಾಡಿದ್ದು ತುಂಬ ಸರಳ ಕೆಲಸ. ಒಂದು ವಾರ ಏನನ್ನೂ ಬದಲಾಯಿಸದೆ, ಯಾವ ಹೊತ್ತಿನಲ್ಲಿ ಏನು ಮಾಡಿದೆ ಅಂತ ಒಂದು ಸಣ್ಣ ಡೈರಿಯಲ್ಲಿ ಬರೆದಿಡುವುದು. ಸುಮ್ನೆ ಬರೆದಿಡು, ತಿದ್ದಬೇಡ ಅಂದೆ.

ವಾರದ ದಿನಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಬೆಳಗ್ಗೆ ಐದೂವರೆಗೆ ಏಳುವುದು. ನೀರು ಹಿಡಿಯುವುದು, ತಿಂಡಿ, ಮಗನ ಡಬ್ಬಿ, ಅತ್ತೆಯ ಮಾತ್ರೆ. ಎಂಟೂಕಾಲಿನ ಬಸ್ಸು. ಕಾಲೇಜಿಗೆ ಒಂದು ಗಂಟೆಗೂ ಮೇಲಿನ ಹಾದಿ. ಮೂರು ಪಾಠ, ನಡುವೆ ಬಿಡುವು. ಬಿಡುವಿನಲ್ಲಿ ಸ್ಟಾಫ್ ರೂಮು, ಅಸೈನ್‌ಮೆಂಟ್ ತಿದ್ದುವುದು, ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಮಾಪನ) ಫೈಲಿಗೆ ಫೋಟೋ ಅಂಟಿಸುವುದು. ಸಂಜೆ ಐದೂವರೆಗೆ ಮನೆ. ಮಗನ ಹೋಮ್‌ವರ್ಕ್, ಅಡುಗೆ, ಪಾತ್ರೆ. ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆಯುವುದು. ಹನ್ನೊಂದಕ್ಕೆ ಮುಚ್ಚುವುದು.

ಅಂದರೆ ಅವಳು ದಿನಾ ಒಂದೂವರೆ ಗಂಟೆ ಮಹಾಪ್ರಬಂಧಕ್ಕೆ ಕೊಡುತ್ತಲೇ ಇದ್ದಳು. ಡೈರಿ ನೋಡುವವರೆಗೆ ಅವಳಿಗೇ ಇದು ಗೊತ್ತಿರಲಿಲ್ಲ. "ನನಗೆ ಸಮಯವೇ ಸಿಗ್ತಿಲ್ಲ" ಅಂತ ಎಲ್ಲರಿಗೂ ಹೇಳುತ್ತಿದ್ದಳು. ಸಮಯ ಇತ್ತು. ಆ ಒಂದೂವರೆ ಗಂಟೆಯಲ್ಲಿ ಆದದ್ದೇನು ಅಂತ ಡೈರಿಯಲ್ಲಿ ನೋಡಿದೆವು. ಸೋಮವಾರ: ಎರಡು ಹಳೆಯ ಲೇಖನಗಳ ಪಿಡಿಎಫ್ ಡೌನ್‌ಲೋಡ್. ಮಂಗಳವಾರ: ಗ್ರಂಥಋಣವನ್ನು ಅಕಾರಾದಿಯಾಗಿ ಜೋಡಿಸಿದ್ದು. ಬುಧವಾರ: ಪೀಠಿಕೆಯ ಮೊದಲ ಪ್ಯಾರಾ ತಿದ್ದಿದ್ದು. ಗುರುವಾರ: ಅದೇ ಪ್ಯಾರಾ ಮತ್ತೆ ತಿದ್ದಿದ್ದು. ಶುಕ್ರವಾರ: ಮಾರ್ಜಿನ್, ಪುಟಸಂಖ್ಯೆ. ಶನಿವಾರ: ಇನ್ನೊಂದು ಪುಸ್ತಕ ಓದಿ ಟಿಪ್ಪಣಿ.

ಎಲ್ಲವೂ ಮಹಾಪ್ರಬಂಧದ್ದೇ ಕೆಲಸ. ಯಾವುದೂ ಬರವಣಿಗೆ ಅಲ್ಲ. ದಿನವಿಡೀ ದುಡಿದು ಸುಸ್ತಾದ ತಲೆ ರಾತ್ರಿ ಹತ್ತು ಗಂಟೆಗೆ ಇಂಥ ಕೆಲಸವನ್ನಷ್ಟೇ ಮಾಡಬಲ್ಲದು. ಹೊಸ ವಾಕ್ಯ ಹುಟ್ಟಿಸಲಾರದು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಬರವಣಿಗೆಯನ್ನು ದಿನದ ಕೊನೆಗೆ ತಳ್ಳಿದರೆ ಯಾರಿಗಾದರೂ ಹೀಗೇ ಆಗುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಓದೆಲ್ಲ ಮುಗಿದ ಮೇಲೆ ಬರೆಯಬೇಕು ಅಂತ ಅವಳು ಗಟ್ಟಿಯಾಗಿ ನಂಬಿದ್ದಳು. ನಮ್ಮ ವಿಭಾಗಗಳಲ್ಲಿ ಈ ನಂಬಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಎಲ್ಲರಿಗೂ ದಾಟಿಸಿರುತ್ತೇವೆ. ಮೊದಲು ಸಂಗ್ರಹ, ಆಮೇಲೆ ವರ್ಗೀಕರಣ, ಆಮೇಲೆ ಬರವಣಿಗೆ. ಸಾರಲೇಖದ (ಸಿನಾಪ್ಸಿಸ್) ನಮೂನೆಯಲ್ಲೂ ಇದೇ ಕ್ರಮ. ಕೇಳಲು ಸರಿ ಅನಿಸುತ್ತದೆ. ಆದರೆ ಬರೆಯಲು ಕೂರುವವರೆಗೆ ಏನನ್ನು ಓದಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಅವಳ ಓದು ಮುಗಿಯದೇ ಇದ್ದದ್ದು ಇದಕ್ಕೇ.

ಗಂಟೆಗಳನ್ನು ಅದಲುಬದಲು ಮಾಡಿದ್ದು

ಮೊದಲು ಎಲ್ಲರೂ ಕೊಡುವ ಸಲಹೆಯನ್ನೇ ಅವಳೂ ಪಾಲಿಸಿ ನೋಡಿದಳು. ನಾಲ್ಕು ಗಂಟೆಗೆ ಏಳುವುದು. ಬ್ರಾಹ್ಮೀ ಮುಹೂರ್ತ, ಮನೆ ನಿಶ್ಶಬ್ದ, ತಲೆ ಚುರುಕು. ವಾರ ಕಳೆಯುವ ಹೊತ್ತಿಗೆ ಬಸ್ಸಿನಲ್ಲಿ ನಿದ್ದೆ, ಮೂರನೇ ಪಾಠದಲ್ಲಿ ತಲೆನೋವು, ಮನೆಯಲ್ಲಿ ಸಿಡಿಮಿಡಿ. ಬಿಟ್ಟಳು. ಬಿಟ್ಟಿದ್ದೇ ಸರಿ. ಐದೂವರೆಯಿಂದ ದುಡಿಯುವ ಹೆಂಗಸಿಗೆ ಇನ್ನೂ ಒಂದೂವರೆ ಗಂಟೆ ಮುಂಚೆ ಏಳು ಅನ್ನುವುದು ಸಲಹೆಯೇ ಅಲ್ಲ. ಅವಳ ನಿದ್ದೆಯನ್ನು ಕಿತ್ತು ಮಹಾಪ್ರಬಂಧಕ್ಕೆ ಕೊಡುವುದು ಅಷ್ಟೇ.

ಆಮೇಲೆ ಡೈರಿಯನ್ನೇ ಮುಂದಿಟ್ಟುಕೊಂಡು ಯೋಚಿಸಿದೆವು. ದಿನದಲ್ಲಿ ಅವಳ ತಲೆ ಚೆನ್ನಾಗಿ ಓಡುವ ಹೊತ್ತು ಯಾವುದು? ಮೊದಲ ಪಾಠ ಮುಗಿದ ಮೇಲೆ, ಹನ್ನೊಂದರ ಆಸುಪಾಸು. ಪಾಠ ಮಾಡಿ ಬಾಯಿ ಬಿಟ್ಟಿರುತ್ತದೆ, ಮಾತು ಸರಾಗವಾಗಿರುತ್ತದೆ. ವಾರದಲ್ಲಿ ನಾಲ್ಕು ದಿನ ಅದೇ ಹೊತ್ತಿಗೆ ಅವಳಿಗೆ ಒಂದು ಗಂಟೆ ಬಿಡುವು. ಆ ಗಂಟೆ ಸ್ಟಾಫ್ ರೂಮಿನಲ್ಲಿ ಹೋಗುತ್ತಿತ್ತು. ಸ್ಟಾಫ್ ರೂಮಿನ ಮಾತುಕತೆಯೂ ಬೇಕು. ಅತಿಥಿ ಉಪನ್ಯಾಸಕರಿಗೆ ಸುದ್ದಿ ಗೊತ್ತಾಗುವುದೇ ಅಲ್ಲಿ. ಅದನ್ನು ಊಟದ ಹೊತ್ತಿಗೆ ಇಟ್ಟುಕೊಂಡಳು. ಹನ್ನೊಂದರ ಬಿಡುವಿಗೆ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆ. ಹಳೇ ಪತ್ರಿಕೆಗಳ ಕಟ್ಟು ಇಡುವ ಜಾಗ. ಒಂದು ಮೇಜು, ಒಂದು ಕಿಟಕಿ. ಗ್ರಂಥಪಾಲಕರು ಒಳ್ಳೆಯವರು, ಬೀಗ ತೆಗೆದುಕೊಟ್ಟರು.

ಲ್ಯಾಪ್‌ಟಾಪ್ ಅಲ್ಲಿಗೆ ಹೋಗಲಿಲ್ಲ. ಇದು ಅವಳದೇ ತೀರ್ಮಾನ. ಲ್ಯಾಪ್‌ಟಾಪ್ ಇದ್ದರೆ ಪಿಡಿಎಫ್ ತೆರೆಯುತ್ತೇನೆ ಅಂದಳು. ಗೆರೆ ಇಲ್ಲದ ಬಿಳಿ ಹಾಳೆ, ಪೆನ್ನು, ಅವತ್ತಿನ ಶಾಸನದ ಒಂದು ಜೆರಾಕ್ಸ್. ಫೋನು ಬ್ಯಾಗಿನಲ್ಲಿ, ಬ್ಯಾಗು ಗ್ರಂಥಪಾಲಕರ ಮೇಜಿನ ಕೆಳಗೆ. ಮಗನ ಶಾಲೆಯಿಂದ ಫೋನ್ ಬಂದರೆ ಅವರು ಕೂಗುತ್ತಾರೆ.

ಓದು ಬಸ್ಸಿಗೆ ಹೋಯಿತು. ದಿನಕ್ಕೆ ಒಂದೇ ಶಾಸನ. ಬಸ್ಸಿನ ಕುಲುಕಾಟದಲ್ಲಿ ಇಡೀ ಪುಸ್ತಕ ಓದಲಾಗುವುದಿಲ್ಲ, ಆದರೆ ಅರ್ಧ ಪುಟದ ಶಾಸನವನ್ನು ನಾಲ್ಕು ಸಲ ಓದಬಹುದು. ರೈಸ್ ಕನ್ನಡ ಲಿಪಿಯ ಪಾಠದ ಜೊತೆಗೆ ರೋಮನ್ ಲಿಪಿಯ ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿದ್ದಾರೆ. ಅವಳು ಜೆರಾಕ್ಸ್ ಮಾಡಿಸಿದ್ದು ಕನ್ನಡ ಪಾಠವನ್ನು ಮಾತ್ರ. ಅನುವಾದ ಕೈಯಲ್ಲಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಶಾಸನದ ಮಾತನ್ನು ಬಿಟ್ಟು ರೈಸ್ ಮಾತನ್ನು ನಂಬುತ್ತೇವೆ ಅನ್ನುವುದು ಅವಳ ಅನುಭವ.

ರಾತ್ರಿಯ ಒಂದೂವರೆ ಗಂಟೆ ಹಾಗೇ ಉಳಿಯಿತು. ಅದಕ್ಕೆ ತಕ್ಕ ಕೆಲಸ ಕೊಟ್ಟೆವು. ಬೆಳಗ್ಗೆ ಬರೆದದ್ದನ್ನು ಟೈಪ್ ಮಾಡುವುದು, ಅಡಿಟಿಪ್ಪಣಿ, ಕೋಷ್ಟಕ, ಕಾಲ ನಿರ್ಣಯ. ಕಾಲ ನಿರ್ಣಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಭಾಗದ ಎಷ್ಟೋ ಶಾಸನಗಳಲ್ಲಿ ಶಕ ವರ್ಷ ಇರುವುದಿಲ್ಲ. ಚಾಳುಕ್ಯ ವಿಕ್ರಮ ವರ್ಷ ಇರುತ್ತದೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರು ಮಾಡಿದ ಲೆಕ್ಕ ಅದು. "ಚಾಳುಕ್ಯ ವಿಕ್ರಮ ವರ್ಷದ 37ನೆಯ ನಂದನ ಸಂವತ್ಸರ" ಅಂತ ಇದ್ದರೆ, ಮೊದಲ ವರ್ಷ ನಳ ಸಂವತ್ಸರ, ಅಲ್ಲಿಂದ ಎಣಿಸಿದರೆ 37ನೆಯದು ನಂದನವೇ ಬರುತ್ತದೆ, ಅಂದರೆ ಕ್ರಿ.ಶ. 1112. ಇಲ್ಲಿ ಸರಿಯಾಗಿ ಕೂತಿತು. ಕೆಲವು ಕಡೆ ವರ್ಷ ಒಂದು ಹೇಳುತ್ತದೆ, ಸಂವತ್ಸರ ಇನ್ನೊಂದು. ಆಗ ತಿಥಿ, ವಾರ, ಸಂಕ್ರಾಂತಿ ಇಟ್ಟುಕೊಂಡು ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಕೋಷ್ಟಕಗಳಲ್ಲಿ ಹುಡುಕಬೇಕು. ಈ ಕೆಲಸ ನಿಧಾನ, ಆದರೆ ಮನಸ್ಸಿಗೆ ಹಿತ. ರಾತ್ರಿ ಹತ್ತು ಗಂಟೆಗೆ ಬೇಕಾದದ್ದು ಇಂಥದ್ದೇ. ಕೂಡಿ ಕಳೆದು ಒಂದು ಉತ್ತರ ಸಿಕ್ಕರೆ ನಿದ್ದೆಯೂ ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದಳು.

ಒಂದು ಶಾಸನಕ್ಕೆ ಒಂದು ಪುಟ

ಗ್ರಂಥಾಲಯದ ಆ ಗಂಟೆಯಲ್ಲಿ ಏನು ಬರೆಯಬೇಕು? ಪೀಠಿಕೆಯನ್ನು ಮುಟ್ಟಬಾರದು ಅಂತ ಮಾತಾಯಿತು. ಅಧ್ಯಾಯದ ಗೊಡವೆಯೂ ಬೇಡ. ಒಂದು ಶಾಸನ, ಒಂದು ಪುಟ. ಈ ಕಲ್ಲು ಏನು ಹೇಳುತ್ತದೆ, ಯಾರು ಕೊಟ್ಟರು, ಏನು ಕೊಟ್ಟರು, ಯಾತಕ್ಕೆ ಕೊಟ್ಟರು, ಓದಿದಾಗ ನನಗೇನನಿಸಿತು. ಪೂರ್ತಿ ವಾಕ್ಯಗಳಲ್ಲಿ. ಟಿಪ್ಪಣಿಯ ಥರ ಅಲ್ಲ.

"ಪೂರ್ತಿ ವಾಕ್ಯ" ಅನ್ನುವುದು ಚಿಕ್ಕ ಷರತ್ತು ಅನಿಸಬಹುದು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಅದೇ. ಅವಳ ನೋಟ್‌ಬುಕ್ಕುಗಳಲ್ಲಿ ಇದ್ದದ್ದು ಹೀಗೆ: "ಗಾವುಂಡ – ಕೆರೆ – ಗದ್ದೆ 2 ಮತ್ತರು – ಬಿತ್ತುವಟ್ಟ." (ಮತ್ತರು ಅಂದರೆ ಜಮೀನಿನ ಅಳತೆ, ಬಿತ್ತುವಟ್ಟ ಅಂದರೆ ಕೆರೆಯ ದುರಸ್ತಿಗೆ ಬಿಟ್ಟ ದತ್ತಿ.) ಇದನ್ನು ಎಷ್ಟು ಸಲ ನೋಡಿದರೂ ತಲೆಗೆ ಏನೂ ಹೊಳೆಯುವುದಿಲ್ಲ. ಇದನ್ನೇ ವಾಕ್ಯ ಮಾಡಲು ಹೋದರೆ ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಗಾವುಂಡ, ಅಂದರೆ ಊರಿನ ಮುಖ್ಯಸ್ಥ, ಗದ್ದೆಯನ್ನು ಯಾರಿಗೆ ಕೊಟ್ಟ? ಕೆರೆಗೆ. ಕೆರೆಗೆ ಕೊಡುವುದು ಅಂದರೆ ಏನು? ಆ ಗದ್ದೆಯ ಹುಟ್ಟುವಳಿ ಕೆರೆಯ ದುರಸ್ತಿಗೆ. ಹಾಗಾದರೆ ಗದ್ದೆ ಉಳುವವರು ಯಾರು, ಹೂಳು ತೆಗೆಸುವವರು ಯಾರು, ಲೆಕ್ಕ ಕೇಳುವವರು ಯಾರು? "ಕೊಟ್ಟ" ಅಂತ ಬರೆದ ಕೂಡಲೇ ಪಡೆದವರು ಬೇಕಾಗುತ್ತಾರೆ.

ಒಂದು ತಿಂಗಳು ಕಳೆಯುವ ಹೊತ್ತಿಗೆ ಅವಳ ಪುಟಗಳಲ್ಲಿ ಒಂದು ವಿಷಯ ಎದ್ದು ಕಾಣಲು ಶುರುವಾಯಿತು. ಸಾರಲೇಖದಲ್ಲಿ ಅವಳು ಬರೆದಿದ್ದ ಪ್ರಶ್ನೆ: ಈ ಪ್ರದೇಶದಲ್ಲಿ ಕೆರೆಗಳನ್ನು ಯಾರು ಕಟ್ಟಿಸಿದರು? ರಾಜರು, ಸಾಮಂತರು, ಗಾವುಂಡರು, ಅಗ್ರಹಾರದ ಮಹಾಜನರು ಅಂತ ನಾಲ್ಕು ಅಧ್ಯಾಯಗಳ ಯೋಜನೆ. ಆದರೆ ಪುಟಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಾಗ ಕಂಡದ್ದು ಬೇರೆ. ಅವಳು ಬರೆದ ಶಾಸನಗಳಲ್ಲಿ ಎಷ್ಟೋ ಶಾಸನಗಳ ಕಾಳಜಿ ಕಟ್ಟುವುದರ ಮೇಲೆ ಇರಲಿಲ್ಲ, ಕಾಯುವುದರ ಮೇಲೆ ಇತ್ತು. ಇಷ್ಟು ಮತ್ತರು ಗದ್ದೆ, ಇಷ್ಟು ಬೆದ್ದಲೆ (ಒಣ ಭೂಮಿ) ಕೆರೆಗೆ. ತೂಬು ಕೆಟ್ಟರೆ ಅದರಿಂದ ದುರಸ್ತಿ. ಕೊನೆಯಲ್ಲಿ ಬರುವ ಶಾಪಾಶಯ, ಈ ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ ಅನ್ನುವ ಮಾತು, ಅದನ್ನು ಅವಳು ಅಲ್ಲಿಯವರೆಗೆ ಸಿದ್ಧ ಮಾದರಿಯ ಮಾತು ಅಂತ ಬಿಟ್ಟುಬಿಡುತ್ತಿದ್ದಳು. ಈಗ ಅದೂ ಮುಖ್ಯ ಅನಿಸಿತು. ಕೆಡಿಸುವವರು ಇದ್ದರು, ಅದಕ್ಕೇ ಶಾಪ.

ಪ್ರಶ್ನೆ ಬದಲಾಯಿತು. ಕೆರೆ ಯಾರು ಕಟ್ಟಿಸಿದರು ಅನ್ನುವುದು ಹಿಂದೆ ಸರಿದು, ಕಟ್ಟಿದ ಕೆರೆಯನ್ನು ನೂರಾರು ವರ್ಷ ಉಳಿಸಿಕೊಂಡದ್ದು ಹೇಗೆ ಅನ್ನುವುದು ಮುಂದೆ ಬಂತು. ಅಧ್ಯಾಯಗಳ ಹಳೇ ಯೋಜನೆ ಬಿದ್ದುಹೋಯಿತು. ಆರು ವರ್ಷದ ಓದು ಈ ಪ್ರಶ್ನೆಯನ್ನು ಕೊಟ್ಟಿರಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ ಬರವಣಿಗೆ ಕೊಟ್ಟಿತು. ಬರವಣಿಗೆಯನ್ನು ಮುಂದೂಡಿದರೆ ಸಂಶೋಧನೆಯನ್ನೇ ಮುಂದೂಡಿದ ಹಾಗೆ ಅಂತ ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದು ಇದನ್ನು ಕಣ್ಣಾರೆ ಕಂಡದ್ದರಿಂದ.

ಹಳೇ ನೋಟ್‌ಬುಕ್ಕುಗಳು ದಂಡವೇನೂ ಆಗಲಿಲ್ಲ. ಏನು ಹುಡುಕಬೇಕು ಅಂತ ಗೊತ್ತಾದ ಮೇಲೆ ಅವುಗಳಲ್ಲಿ ಬೇಕಾದ್ದೆಲ್ಲ ಸಿಕ್ಕಿತು.

ಏರಿಯ ಮೇಲಿನ ಕಲ್ಲು

ಭಾನುವಾರಗಳು ಮನೆಗೆ ಅಂತ ಇಟ್ಟುಕೊಂಡಿದ್ದಳು. ಒಂದು ಭಾನುವಾರ ಮಾತ್ರ ಗಂಡ ಬೈಕಿನಲ್ಲಿ ಕರೆದುಕೊಂಡು ಹೋದರು. ಮಗನೂ ಜೊತೆಗೆ. ನಾನು ಬೇರೆ ದಾರಿಯಿಂದ ಹೋಗಿ ಸೇರಿಕೊಂಡೆ. ಸೊರಬ ತಾಲೂಕಿನ ಒಂದು ಹಳ್ಳಿಯ ಕೆರೆ ಏರಿ. ರೈಸ್ ಸಂಪುಟದಲ್ಲಿ ಪಾಠ ಇರುವ ಒಂದು ಕಲ್ಲು ಅಲ್ಲಿದೆ ಅಂತ ಊರಿನವರು ಹೇಳಿದ್ದರು.

ಮಧ್ಯಾಹ್ನ ಹೋದಾಗ ಕಲ್ಲಿನ ಮೇಲೆ ಒಂದಕ್ಷರವೂ ಕಾಣಲಿಲ್ಲ. ಬಿಸಿಲು ನೇರವಾಗಿ ಬಿದ್ದರೆ ಸವೆದ ಅಕ್ಷರ ಚಪ್ಪಟೆಯಾಗುತ್ತದೆ. ನೀರು ಹಾಕಿ ಪಾಚಿ ತೊಳೆದು ಕಾದು ಕೂತೆವು. ನಾಲ್ಕೂವರೆ ದಾಟಿದ ಮೇಲೆ ಬಿಸಿಲು ಓರೆಯಾಯಿತು. ಅಕ್ಷರದ ಒಂದು ಅಂಚಿಗೆ ನೆರಳು ಬಂತು. ಸಾಲುಗಳು ಒಂದೊಂದಾಗಿ ಎದ್ದವು. ಮಗ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದ. ಅವಳು ಮಂಡಿಯೂರಿ ಜೆರಾಕ್ಸ್ ಹಾಳೆಯ ಜೊತೆ ಹೋಲಿಸುತ್ತಾ ಹೋದಳು. ರೈಸ್ ಪಾಠ ನಿಂತ ಜಾಗದಲ್ಲೇ ಕಲ್ಲೂ ಸವೆದಿತ್ತು. ಅದರ ಮುಂದೆ ಅವಳಿಗೂ ಓದಲಾಗಲಿಲ್ಲ. ಹೊಸ ಅಕ್ಷರ ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಬೇರೆ. ಕಲ್ಲು ದೇವಸ್ಥಾನದ ಹತ್ತಿರ ಇರಲಿಲ್ಲ. ತೂಬಿನಿಂದ ಹತ್ತು ಹೆಜ್ಜೆಯಲ್ಲಿ ಇತ್ತು. ಯಾರೋ ಸರಿಸಿ ತಂದದ್ದೇ ಅಂತ ಅವಳು ಮೊದಲು ಊರಿನವರನ್ನು ಕೇಳಿದಳು. ಅಜ್ಜಂದಿರ ಕಾಲದಿಂದಲೂ ಅಲ್ಲೇ ಇದೆ ಅಂದರು. ಅದನ್ನೇ ಸಾಕ್ಷಿ ಅನ್ನಲು ಬರುವುದಿಲ್ಲ, ಮಹಾಪ್ರಬಂಧದಲ್ಲೂ ಅವಳು ಅದನ್ನು ಎಚ್ಚರದಿಂದಲೇ ಬರೆದಿದ್ದಾಳೆ. ಆದರೆ ಪುಸ್ತಕದಲ್ಲಿ ಓದುವಾಗ ಹುಟ್ಟದ ಪ್ರಶ್ನೆ ಅಲ್ಲಿ ಹುಟ್ಟಿತು. ತೂಬು ತೆಗೆಯುವ, ಮುಚ್ಚುವ ನೀರುಗಂಟಿ ದಿನಾ ಓಡಾಡುವ ಜಾಗದಲ್ಲಿ ಕಲ್ಲು ನಿಲ್ಲಿಸಿದ್ದರೆ, ಅದನ್ನು ಯಾರು ನೋಡಲಿ ಅಂತ ನಿಲ್ಲಿಸಿದರು? ಆ ಮೇಲೆ ಅವಳು ಪ್ರತಿ ಶಾಸನದ ಪುಟದಲ್ಲೂ ಒಂದು ಸಾಲು ಸೇರಿಸಿದಳು: ಕಲ್ಲು ಎಲ್ಲಿದೆ. ರೈಸ್ ಎಷ್ಟೋ ಕಡೆ ಇದನ್ನು ಒಂದು ಚಿಕ್ಕ ಟಿಪ್ಪಣಿಯಲ್ಲಿ ಹೇಳಿಯೇ ಇದ್ದಾರೆ. ಕೆರೆ ಏರಿಯ ಮೇಲೆ, ತೂಬಿನ ಹತ್ತಿರ, ಊರ ಬಾಗಿಲಲ್ಲಿ. ಅವಳ ಮೂರನೇ ಅಧ್ಯಾಯದ ಅರ್ಧ ಭಾಗ ಈ ಒಂದು ಸಾಲಿನಿಂದ ಬೆಳೆದದ್ದು.

ಮಾರ್ಗದರ್ಶಕರ ಜೊತೆ

ಮಾರ್ಗದರ್ಶಕರಿಗೂ ಅವಳಿಗೂ ಜಗಳ ಇರಲಿಲ್ಲ. ಮಾತೇ ನಿಂತುಹೋಗಿತ್ತು. ಒಂದು ಅಧ್ಯಾಯ ಸರಿಯಾಗಿ ಆದ ಮೇಲೆ ಹೋಗಿ ಭೇಟಿ ಮಾಡುತ್ತೇನೆ ಅಂತ ಇವಳು. ಫೋನೂ ಮಾಡುವುದಿಲ್ಲ, ಆಸಕ್ತಿ ಹೋಗಿರಬೇಕು ಅಂತ ಅವರು. ದಿನ ಕಳೆದಷ್ಟೂ ಫೋನ್ ಮಾಡುವುದು ಕಷ್ಟ. ಇದು ಇವರಿಬ್ಬರ ಕಥೆ ಮಾತ್ರ ಅಲ್ಲ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8 ಜನರಿಗೆ ಮಾರ್ಗದರ್ಶನ ಮಾಡಬಹುದು ಅಂತ ನಿಯಮ ಹೇಳುತ್ತದೆ. ಪಾಠ, ಮೌಲ್ಯಮಾಪನ, ಆಡಳಿತ ಎಲ್ಲ ಇದ್ದು 8 ಜನರ ಅಧ್ಯಾಯಗಳನ್ನು ಓದುವುದು ಆಗದ ಮಾತು. 80 ಪುಟದ ಅಧ್ಯಾಯ ಮೇಜಿನ ಮೇಲೆ ಬಂದರೆ ಅದು ರಜೆಗೆ ಕಾಯುತ್ತದೆ.

ಅದಕ್ಕೆ ಅವಳು ಎರಡೇ ಪುಟ ಕಳಿಸಲು ಶುರು ಮಾಡಿದಳು. ತಿಂಗಳಲ್ಲಿ ಎರಡು ಶನಿವಾರ, ಎರಡು ಪುಟ, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ. "ಇದು ಹೇಗಿದೆ ಸರ್" ಅಂತಲ್ಲ. "ದಶವಂದವನ್ನು ನಾನು ಬಿತ್ತುವಟ್ಟದ ಜೊತೆ ಒಂದೇ ಗುಂಪಿಗೆ ಸೇರಿಸಬಹುದೇ, ಬೇರೆ ಇಡಬೇಕೇ?" ಅಂತ. (ದಶವಂದ ಅಂದರೆ ಕೆರೆಯ ಕೆಲಸಕ್ಕಾಗಿ ಬಿಡುವ ಹತ್ತರಲ್ಲಿ ಒಂದು ಪಾಲು.) ಮೊದಲ ಪುಟ ಕಳಿಸುವಾಗ ಅವಳ ಕೈ ನಡುಗಿತ್ತು. ಅರೆಬೆಂದ ಬರಹವನ್ನು ಗುರುಗಳಿಗೆ ತೋರಿಸುವುದು ಅಗೌರವ ಅಂತ ಅವಳ ಭಾವನೆ. ಮರುದಿನ ಬೆಳಗ್ಗೆಯೇ ವಾಟ್ಸ್‌ಆ್ಯಪಿನಲ್ಲಿ ಧ್ವನಿ ಸಂದೇಶ ಬಂತು. ವಾಕಿಂಗ್ ಮಾಡುತ್ತಾ ಮಾತಾಡಿದ್ದು, ಹಿಂದೆ ಹಕ್ಕಿಗಳ ಸದ್ದು. ಬೇರೆ ಇಡು, ಯಾಕೆ ಅಂತ ಹೇಳುತ್ತೇನೆ ಕೇಳು ಅಂತ ಶುರುವಾಗಿ ಏಳೆಂಟು ನಿಮಿಷ. ಅವಳು ಅದನ್ನು ಪೂರ್ತಿ ಬರೆದುಕೊಂಡಳು. ಆ ಸಂದೇಶಗಳನ್ನು ಅವಳು ಈಗಲೂ ಅಳಿಸಿಲ್ಲ. ಒಳ್ಳೆಯ ಮೇಷ್ಟರಿಗೂ ಉತ್ತರ ಕೊಡಲು ಒಂದು ಪ್ರಶ್ನೆ ಬೇಕು. ಅದನ್ನು ಹುಡುಕಿ ಕೊಡುವ ಕೆಲಸ ವಿದ್ಯಾರ್ಥಿಯದು.

ನಿಂತ ತಿಂಗಳು, ಕೆಟ್ಟ ಫೈಲು

ಎಲ್ಲವೂ ನೇರವಾಗಿ ಸಾಗಲಿಲ್ಲ. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಂದು ತಿಂಗಳಿಗೂ ಜಾಸ್ತಿ ಒಂದಕ್ಷರ ಬರೆಯಲಿಲ್ಲ. ಅದರ ಬಗ್ಗೆ ಹೇಳುವುದು ಇಷ್ಟೇ: ಮತ್ತೆ ಶುರು ಮಾಡುವುದು ಈ ಸಲ ಸುಲಭವಾಯಿತು. ಬಿಟ್ಟ ಜಾಗ ಎಲ್ಲಿ ಅಂತ ಹುಡುಕಬೇಕಿರಲಿಲ್ಲ. ಮುಂದಿನ ಶಾಸನದ ಜೆರಾಕ್ಸ್ ಬ್ಯಾಗಿನಲ್ಲೇ ಇತ್ತು.

ಫೈಲಿನ ತೊಂದರೆ ಅದಕ್ಕಿಂತ ಹೆಚ್ಚು ಕಾಡಿತು. ಕನ್ನಡದಲ್ಲಿ ಮಹಾಪ್ರಬಂಧ ಬರೆಯುವವರೆಲ್ಲ ಇದನ್ನು ಕೇಳಿಸಿಕೊಳ್ಳಬೇಕು. ಅವಳ ಹಳೆಯ ಟಿಪ್ಪಣಿಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಇದ್ದವು. ಹೊಸ ಬರಹ ಯೂನಿಕೋಡಿನಲ್ಲಿ. ಎರಡನ್ನೂ ಒಂದೇ ಕಡತಕ್ಕೆ ಸೇರಿಸಲು ಪರಿವರ್ತಕ ಬಳಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಹಾರಿದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತು. ಹಳಗನ್ನಡದ ಱ ಮತ್ತು ೞ ಇದ್ದ ಕಡೆಯೆಲ್ಲ ಖಾಲಿ ಚೌಕ. ಶಾಸನಗಳಲ್ಲಿ ಕೆರೆಯನ್ನು ಬರೆಯುವುದು "ಕೆಱೆ" ಅಂತ. ಮಹಾಪ್ರಬಂಧ ಇರುವುದೇ ಕೆರೆಯ ಮೇಲೆ. ಉದ್ಧರಣೆಗಳಲ್ಲೆಲ್ಲ ನಡುವೆ ಚೌಕ. ಹುಡುಕಿ ಬದಲಿಸುವ ಸೌಲಭ್ಯವೂ ಪೂರ್ತಿ ಕೆಲಸ ಮಾಡಲಿಲ್ಲ, ಯಾಕೆಂದರೆ ಬೇರೆ ಅಕ್ಷರಗಳೂ ಅದೇ ಚೌಕವಾಗಿದ್ದವು. ಗಂಡ ಒಂದು ಪಾಠ ಓದಿ ಹೇಳುವುದು, ಅವಳು ಇನ್ನೊಂದನ್ನು ತಿದ್ದುವುದು. ಅವರಿಗೆ ಹಳಗನ್ನಡ ಬರುವುದಿಲ್ಲ, ಅಕ್ಷರಕ್ಷರ ಓದಿದರು. ಹಾಗೆ ಓದಿದ್ದರಿಂದ ತಪ್ಪುಗಳು ಇನ್ನೂ ಚೆನ್ನಾಗಿ ಸಿಕ್ಕವು. ಮೊದಲ ದಿನದಿಂದ ಯೂನಿಕೋಡಿನಲ್ಲೇ ಬರೆದಿದ್ದರೆ ಈ ತಿದ್ದುಪಡಿಗೆ ಹೋದ ಮೂರು ವಾರ ಉಳಿಯುತ್ತಿತ್ತು. ಇದನ್ನು ಕೋರ್ಸ್ ವರ್ಕಿನಲ್ಲೇ ಕಲಿಸಬೇಕು. ಸಂಶೋಧನಾ ವಿಧಾನಗಳ ಪಾಠದಲ್ಲಿ ಊಹಾಪ್ರಮೇಯದ ಬಗೆಗಳನ್ನು ಗಂಟೆಗಟ್ಟಲೆ ಹೇಳುತ್ತೇವೆ, ಕನ್ನಡ ಕಡತವನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದನ್ನು ಹೇಳುವುದಿಲ್ಲ.

ಸಲ್ಲಿಕೆ

ಪೀಠಿಕೆಯನ್ನು ಕೊನೆಯಲ್ಲಿ ಬರೆದಳು. ತಾಳಗುಂದ ಅದರಲ್ಲಿ ಒಂದು ಪ್ಯಾರಾ ಆಗಿ ಬಂತು, ಅಷ್ಟೇ ಸಾಕಿತ್ತು. ಪೂರ್ವಸಲ್ಲಿಕೆ ವಿಚಾರ ಸಂಕಿರಣದಲ್ಲಿ ಒಬ್ಬ ಹಿರಿಯರು ಕೇಳಿದರು: ದಾನ ಕೊಟ್ಟ ದಾಖಲೆ ಇದೆ, ದಾನದ ಪ್ರಕಾರ ಕೆಲಸ ನಡೆಯಿತು ಅನ್ನುವುದಕ್ಕೆ ಏನು ದಾಖಲೆ? ಒಳ್ಳೆಯ ಪ್ರಶ್ನೆ. ಅವಳು ಅಲ್ಲೇ ಉತ್ತರ ಹೊಸೆಯಲು ಹೋಗಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಜೀರ್ಣೋದ್ಧಾರದ ಶಾಸನಗಳನ್ನು ಬೇರೆ ಮಾಡಿ, ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ್ದನ್ನು ಹೇಳುವ ಕಲ್ಲುಗಳಿಗೆ ಒಂದು ಹೊಸ ಭಾಗ ಬರೆದಳು. ಕಾಯುವ ವ್ಯವಸ್ಥೆ ಎಲ್ಲಿ ಸೋತಿತು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಆಮೇಲಿನದು ಕಾಗದದ ಕೆಲಸ. ಕೃತಿಚೌರ್ಯ ತಪಾಸಣೆ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರೊಳಗೆ ಇದ್ದರೆ ತೊಂದರೆ ಇಲ್ಲ, ಸರಿಯಾಗಿ ಮೂಲ ಹೇಳಿದ ಉದ್ಧರಣೆ ಲೆಕ್ಕಕ್ಕೆ ಬರುವುದಿಲ್ಲ. ಅವಳ ಪ್ರತಿ ಶಾಸನಕ್ಕೂ ಸಂಪುಟ, ಸಂಖ್ಯೆ ಇತ್ತು, ಹಾಗಾಗಿ ಚಿಂತೆ ಆಗಲಿಲ್ಲ. ಶುಲ್ಕ, ನೋ ಡ್ಯೂ, ಬೈಂಡಿಂಗ್, ಮಹಾಪ್ರಬಂಧಗಳ ಜಾಲತಾಣ ಶೋಧಗಂಗಾಕ್ಕೆ ಪಿಡಿಎಫ್. ಬೈಂಡಿಂಗ್ ಅಂಗಡಿಯಲ್ಲಿ ಮೊದಲ ಪ್ರತಿ ಕೈಗೆ ಬಂದಾಗ ಮಗ ಮೊದಲು ನೋಡಿದ್ದು ಛಾಯಾಚಿತ್ರಗಳ ಅನುಬಂಧ. ಏರಿಯ ಕಲ್ಲಿನ ಚಿತ್ರದಲ್ಲಿ ಟಾರ್ಚ್ ಹಿಡಿದ ಕೈ ಅವನದು. ಕೃತಜ್ಞತೆಯ ಪುಟದಲ್ಲಿ ಗ್ರಂಥಪಾಲಕರ ಹೆಸರು ಮಾರ್ಗದರ್ಶಕರ ಹೆಸರಿನ ಮುಂದಿನ ಸಾಲಿನಲ್ಲೇ ಇದೆ.

ಬಾಹ್ಯ ಪರೀಕ್ಷಕರ ವರದಿಗಳು ಬಂದಿವೆ, ಮೌಖಿಕ ಪರೀಕ್ಷೆಯ ದಿನಾಂಕ ಗೊತ್ತಾಗಬೇಕು. ಇಬ್ಬರಲ್ಲಿ ಒಬ್ಬರು ಎರಡು ಶಾಸನಗಳ ಕಾಲ ನಿರ್ಣಯವನ್ನು ಒಪ್ಪಿಲ್ಲ, ಸಂವತ್ಸರಕ್ಕೂ ವರ್ಷಕ್ಕೂ ತಾಳೆ ಇಲ್ಲ ಅಂದಿದ್ದಾರೆ. ಅವಳು ಈಗ ರಾತ್ರಿ ಆ ಎರಡನ್ನೇ ಮತ್ತೆ ಲೆಕ್ಕ ಹಾಕುತ್ತಿದ್ದಾಳೆ. ಒಂದರಲ್ಲಿ ಪರೀಕ್ಷಕರು ಹೇಳಿದ್ದೇ ಸರಿ ಅಂತ ನಿನ್ನೆ ಫೋನ್ ಮಾಡಿದ್ದಳು. ಇನ್ನೊಂದರಲ್ಲಿ ತನ್ನದೇ ಸರಿ, ವೈವಾದಲ್ಲಿ ವಾದ ಮಾಡುತ್ತೇನೆ ಅಂದಳು.